ಕಾಲೇಜಿನ ಬಾಗಿಲೂ ಮನೆಯ ಹೊಸ್ತಿಲೂ

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರಕಟವಾದ ವಾರದಲ್ಲಿ ಹೆಬ್ಬಾಳದ ನಮ್ಮ ಮನೆಯ ಜಗಲಿಯು ಒಂದು ಸಣ್ಣ ಕಚೇರಿಯಂತಾಗುವುದುಂಟು. ನಮ್ಮ ಶಾಲೆಯಲ್ಲಿ ಓದಿ ಈಗ ತಾಯಂದಿರಾಗಿರುವವರು ತಮ್ಮ ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ಬರುವರು. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದ ತಂದೆಗಳು ಕೆಲಸದ ಉಡುಪಿನಲ್ಲಿಯೇ ಬಂದು ಮೆಟ್ಟಿಲ ಮೇಲೆ ಕುಳಿತುಕೊಳ್ಳುವರು. ಎಲ್ಲರ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. "ಟೀಚರಮ್ಮಾ, ಸಿ.ಇ.ಟಿ., ನೀಟ್ ಎಂದು ಏನೇನೋ ಹೇಳುತ್ತಾರೆ. ಲಕ್ಷಗಟ್ಟಲೆ ಹಣ ಕೊಟ್ಟು ತರಬೇತಿಗೆ ಸೇರಿಸದೆ ಹೋದರೆ ಮಗುವಿಗೆ ಒಳ್ಳೆಯ ಕಾಲೇಜು ಸಿಕ್ಕುವುದಿಲ್ಲವಂತೆ. ನಿಜವೇ?"

ಜಗಲಿಯ ಮೇಲೆ ವರ್ಷವರ್ಷವೂ ಹೇಳುವ ಉತ್ತರವನ್ನೇ ಈ ಸ್ಮರಣ ಸಂಚಿಕೆಗೆ ಬರೆದು ಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆಮಾಡಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಕಂಡುಕೊಂಡುದು ಇಷ್ಟು: ಪ್ರವೇಶ ಪರೀಕ್ಷೆಯೆಂಬುದು ಬೇರೊಂದು ವಿದ್ಯೆಯಲ್ಲ, ಪಿ.ಯು. ತರಗತಿಗಳ ಎರಡು ವರ್ಷದ ಪಾಠವನ್ನೇ ಬೇರೊಂದು ರೀತಿಯಲ್ಲಿ ಒಪ್ಪಿಸುವ ಕ್ರಮ. ಅದಕ್ಕಾಗಿ ಹುಡುಗಿಯು ಮಾಡಬೇಕಾದ ಸಿದ್ಧತೆಯೊಂದು, ಮನೆಯವರು ಮಾಡಬೇಕಾದ ಸಿದ್ಧತೆಯೊಂದು. ಮೊದಲನೆಯದರ ವಿಷಯವಾಗಿ ಎಲ್ಲರೂ ಮಾತನಾಡುವರು. ಎರಡನೆಯದನ್ನು ಮರೆತುದರಿಂದ ಕೈತಪ್ಪಿದ ಸ್ಥಾನಗಳನ್ನು ನಾನು ಹೆಚ್ಚಾಗಿ ನೋಡಿದ್ದೇನೆ.

ಈ ಪರೀಕ್ಷೆಗಳು ಏತಕ್ಕೆ ಹುಟ್ಟಿದುವೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ತಿಳಿದರೆ ಭಯವು ಅರ್ಧ ಕಡಮೆಯಾಗುವುದು. ಒಂದು ಕಾಲದಲ್ಲಿ ಹೆಣ್ಣುಮಕ್ಕಳಿಗೆ ಪರೀಕ್ಷೆಯ ಕೊಠಡಿಯೇ ಮುಚ್ಚಿತ್ತು. 1876ರಲ್ಲಿ ಡೆಹರಾಡೂನಿನ ಕ್ರೈಸ್ತ ಬಾಲಿಕಾ ಶಾಲೆಯೊಂದರ ವಿದ್ಯಾರ್ಥಿನಿಯಾದ ಚಂದ್ರಮುಖಿ ಬಸು ಎಂಬಾಕೆಯು ವಿಶೇಷ ಅನುಮತಿ ಪಡೆದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತಾಗ, ಆಕೆಯ ಫಲಿತಾಂಶವನ್ನು ಪ್ರಕಟಿಸಬೇಕೇ ಬೇಡವೇ ಎಂದು ದೊಡ್ಡವರು ಸಭೆ ಸೇರಿ ಚರ್ಚಿಸಬೇಕಾಯಿತು. 1878ರಲ್ಲಿ ಕಾದಂಬಿನಿ ಬಸು ಅದೇ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದಳು. 1883ರಲ್ಲಿ ಇವರಿಬ್ಬರೂ ಬಿ.ಎ. ಪದವಿಯನ್ನು ಪಡೆದರು. ನಮ್ಮ ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಬಾಲಿಕಾ ಪಾಠಶಾಲೆಯು ಕ್ರಮೇಣ ಬೆಳೆದು ಮಹಾರಾಣಿ ಕಾಲೇಜಾಯಿತು. ಹೀಗಿದ್ದರೂ 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಮೊದಲು ನಿರಾಕರಣೆಯೇ ದೊರೆಯಿತು. ಆಕೆ ಪಟ್ಟುಹಿಡಿದ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ನಿಬಂಧನೆಯ ಮೇಲೆ ಸೇರಿಸಿಕೊಂಡರು. ಮುಂದೆ ಆಕೆ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದಳು.

ಹೆಣ್ಣೆಂಬ ಅಡ್ಡಿ ಸರಿದ ಮೇಲೆ ಹಣವೆಂಬ ಅಡ್ಡಿ ಬಂದಿತು. ಖಾಸಗಿ ಕಾಲೇಜುಗಳಲ್ಲಿ ವಂತಿಗೆ ಕೊಡಬಲ್ಲವರಿಗೆ ಸ್ಥಾನ ಎಂಬ ಪದ್ಧತಿ ಬೆಳೆಯಿತು. ಉತ್ತರ ಪ್ರದೇಶದ ಮೋಹಿನೀ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ವ್ಯಾಸಂಗ ಮಾಡಬೇಕೆಂಬ ಅಪೇಕ್ಷೆಯಿತ್ತು. ಆಗಿನ ಸರ್ಕಾರದ ಆಜ್ಞೆಯ ಮೇರೆಗೆ ಸರ್ಕಾರಿ ಸ್ಥಾನಕ್ಕೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸ್ಥಾನಗಳಲ್ಲಿ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಎಂದು ಶುಲ್ಕವಿತ್ತು. ಆಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರ ಜುಲೈ 30ರಂದು ವಂತಿಗೆಯ ಪದ್ಧತಿಯನ್ನು ಖಂಡಿಸಿ ತೀರ್ಪಿತ್ತಿತು. ಆ ತೀರ್ಪಿನಿಂದ ಆಕೆಗೆ ಮಾತ್ರ ಆ ಸ್ಥಾನ ದೊರೆಯಲಿಲ್ಲ. ಅವಳ ಹಿಂದೆ ಬಂದವರಿಗೆ ದಾರಿಯಾಯಿತು. 1993ರಲ್ಲಿ ಬಂದ ಮತ್ತೊಂದು ತೀರ್ಪಿನಲ್ಲಿ, ಸ್ಥಾನಗಳನ್ನು ಯೋಗ್ಯತೆಯ ಕ್ರಮದಿಂದಲೇ ಹಂಚತಕ್ಕುದೆಂದು ವಿಧಾಯಕವಾಯಿತು. ಅದರ ಫಲವಾಗಿ ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಆರಂಭವಾಯಿತು. ಕಾನೂನು ಆಮೇಲೆ ಹಲವು ಸಲ ಬದಲಾಗಿದೆ. ಖಾಸಗಿ ಕಾಲೇಜುಗಳು ತಮ್ಮ ಪಾಲಿನ ಸ್ಥಾನಗಳಿಗೆ ಕಾಮೆಡ್-ಕೆ ಎಂಬ ಬೇರೆ ಪರೀಕ್ಷೆಯನ್ನೂ ನಡೆಯಿಸುತ್ತವೆ. ಆದರೂ ಪಾಳಿಯ ಕೆಲಸಗಾರನ ಮಗಳೂ ಮಾಲೀಕನ ಮಗಳೂ ಒಂದೇ ಪ್ರಶ್ನೆಪತ್ರಿಕೆಗೆ ಒಂದೇ ಗಂಟೆಯಲ್ಲಿ ಉತ್ತರ ಬರೆಯುವ ಏರ್ಪಾಡು ನಮ್ಮಲ್ಲಿ ಹೀಗೆ ಬಂದುದೆಂಬುದನ್ನು ಮರೆಯಬಾರದು.

ಇನ್ನು ಯಾವ ವ್ಯಾಸಂಗಕ್ಕೆ ಯಾವ ಪರೀಕ್ಷೆ ಎಂಬುದನ್ನು ಹೇಳುವೆನು. ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಔಷಧ ವಿಜ್ಞಾನ ಮೊದಲಾದುವುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಯಿಸುವ ಸಿ.ಇ.ಟಿ. ಉಂಟು. ವೈದ್ಯಕೀಯ, ದಂತವೈದ್ಯ, ಆಯುರ್ವೇದ ಇವುಗಳಿಗೆ ದೇಶಕ್ಕೆಲ್ಲ ಒಂದೇ ಆದ ನೀಟ್ ಪರೀಕ್ಷೆ. ಇದು ಮೊದಲು 2013ರಲ್ಲಿ ನಡೆದು, ಆ ವರ್ಷವೇ ನ್ಯಾಯಾಲಯದಿಂದ ರದ್ದಾಗಿ, 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದಲೇ ಮತ್ತೆ ಬಂದಿತು. ಐ.ಐ.ಟಿ., ಎನ್.ಐ.ಟಿ.ಗಳನ್ನು ಬಯಸುವವರಿಗೆ ಜೆ.ಇ.ಇ. ಪರೀಕ್ಷೆ. ಐ.ಐ.ಟಿ.ಗಳಲ್ಲಿ ಹುಡುಗಿಯರ ಸಂಖ್ಯೆ ತೀರ ಕಡಮೆಯಾಗಿದ್ದುದರಿಂದ 2018ರಿಂದ ಅವರಿಗಾಗಿ ಹೆಚ್ಚಿನ ಸ್ಥಾನಗಳನ್ನು ಏರ್ಪಡಿಸಿರುವರು. ಈ ಸಂಗತಿಯನ್ನು ತಿಳಿಯದ ಮನೆಗಳು ಇನ್ನೂ ಎಷ್ಟೋ ಇವೆ. ನ್ಯಾಯಶಾಸ್ತ್ರದ ರಾಷ್ಟ್ರೀಯ ವಿಶ್ವವಿದ್ಯಾನಿಲಯಗಳಿಗೆ ಕ್ಲಾಟ್, ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ 2022ರಿಂದ ಸಿ.ಯು.ಇ.ಟಿ. ಎಂಬ ಪರೀಕ್ಷೆಗಳಿವೆ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ತರಗತಿಗಳಿಗೆ ನಮ್ಮ ಮೈಸೂರಿನ ಕಾಲೇಜುಗಳಲ್ಲಿ ಸಾಧಾರಣವಾಗಿ ಪಿ.ಯು. ಅಂಕಗಳೇ ಸಾಕು.

ವೈದ್ಯೆ, ಇಲ್ಲವೇ ಎಂಜಿನಿಯರು. ಇವೆರಡನ್ನು ಬಿಟ್ಟರೆ ಬೇರೆ ಬದುಕಿಲ್ಲವೆಂದು ತಿಳಿದ ಮನೆಗಳನ್ನು ಕಂಡು ಮರುಕವಾಗುತ್ತದೆ. ಹೆಬ್ಬಾಳದಿಂದ ಸ್ವಲ್ಪ ದೂರ ಹೋದರೆ ಮಾನಸಗಂಗೋತ್ರಿಯಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ. ಉಪಾಧ್ಯಾಯ ವೃತ್ತಿಯನ್ನು ಪ್ರೀತಿಸುವ ಹುಡುಗಿಗೆ ಪಿ.ಯು. ಮುಗಿದೊಡನೆಯೇ ಅಲ್ಲಿ ದಾರಿಯುಂಟು. ಅದರ ಸಮೀಪದಲ್ಲಿಯೇ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿ ಕೇಳದ ಮಗುವಿಗೆ ಮಾತು ಕಲಿಸುವ ವಿದ್ಯೆಯು ಅಲ್ಲಿ ಪದವಿಯ ವಿಷಯವಾಗಿರುವುದು. ನಮ್ಮ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿಯೇ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯುಂಟು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರು ಅದರ ಪ್ರವೇಶ ಪರೀಕ್ಷೆಯನ್ನು ಬರೆದು ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಸೇರಬಹುದು. ಅದರ ಗೋಡೆಯ ಪಕ್ಕದಲ್ಲಿ ದಿನವೂ ನಡೆದಾಡುವವರೇ ಒಳಗೆ ಏನು ಕಲಿಸುತ್ತಾರೆಂದು ನನ್ನನ್ನು ಕೇಳಿದ್ದುಂಟು. ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ಪದವಿಯ ಎರಡನೆಯ ವರ್ಷಕ್ಕೇ ಸೇರಬಹುದು. ಈ ಸಂಸ್ಥೆಗಳ ಪ್ರವೇಶದ ಪ್ರಕಟಣೆಗಳು ಬೇರೆಬೇರೆಯಾಗಿ ಹೊರಡುವುದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳತಕ್ಕುದು.

ಇನ್ನು ಪರೀಕ್ಷೆಯ ಸ್ವರೂಪ. ಸಿ.ಇ.ಟಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂದು ನಾಲ್ಕು ಪತ್ರಿಕೆಗಳಿರುವುವು. ಒಂದೊಂದಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುವರು. ಸರಿಯಾದುದರ ವೃತ್ತವನ್ನು ಓ.ಎಂ.ಆರ್. ಹಾಳೆಯಲ್ಲಿ ಶಾಯಿಯಿಂದ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಸಿ.ಇ.ಟಿ.ಯಲ್ಲಿ ಒಂದು ಪ್ರಶ್ನೆಯನ್ನಾದರೂ ಖಾಲಿ ಬಿಟ್ಟು ಬರುವುದು ಅವಿವೇಕ. ಹೊರನಾಡು, ಗಡಿನಾಡು ಕನ್ನಡಿಗರ ವರ್ಗದಲ್ಲಿ ಸ್ಥಾನ ಕೋರುವವರಿಗೆ ಇವಲ್ಲದೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯೊಂದುಂಟು. ಅದರಲ್ಲಿ ಕನಿಷ್ಠ 12 ಅಂಕ ಬರಬೇಕು. ಮದುವೆಯಾಗಿ ಕಾಸರಗೋಡು, ಅಕ್ಕಲಕೋಟೆ, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಿ, ಮಕ್ಕಳಿಗೆ ಮನೆಯಲ್ಲಿ ಕನ್ನಡದ ಓದುಬರಹವನ್ನು ತಪ್ಪದೆ ಕಲಿಸಲಿ.

ನೀಟ್ ಪರೀಕ್ಷೆಯ ಲೆಕ್ಕ ಬೇರೆ. 2025ರಲ್ಲಿ ನಡೆದ ಕ್ರಮದಂತೆ ಭೌತಶಾಸ್ತ್ರದಲ್ಲಿ 45, ರಸಾಯನಶಾಸ್ತ್ರದಲ್ಲಿ 45, ಜೀವಶಾಸ್ತ್ರದಲ್ಲಿ 90, ಒಟ್ಟು 180 ಪ್ರಶ್ನೆಗಳು, ಕಾಲ 180 ನಿಮಿಷ, ಪೂರ್ಣಾಂಕ 720. ಸರಿಯುತ್ತರಕ್ಕೆ 4 ಅಂಕ ಸೇರುವುದು, ತಪ್ಪಿಗೆ 1 ಅಂಕ ಕಳೆಯುವುದು. ಏನೂ ತಿಳಿಯದ ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತುಮಾಡಿದರೆ ಸರಾಸರಿಯಲ್ಲಿ ಒಂದು ಸರಿಯಾಗಿ 4 ಬರುವುದು, ಮೂರು ತಪ್ಪಾಗಿ 3 ಹೋಗುವುದು. ಉಳಿಯುವುದು ಒಂದೇ ಅಂಕ, ಅದೂ ಅದೃಷ್ಟವನ್ನು ನಂಬಿ. ಆದರೆ ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತವಾಗಿ ತಪ್ಪೆಂದು ತಿಳಿದಿದ್ದರೆ, ಅಂಥ ಎರಡು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಒಂದು ತಪ್ಪು. 4ರಲ್ಲಿ 1 ಕಳೆದು 3 ಅಂಕ ಲಾಭ. ಅರ್ಧ ತಿಳಿವಳಿಕೆಗೂ ಬೆಲೆಯುಂಟೆಂದೂ, ಏನೂ ತಿಳಿಯದ ಊಹೆಗೆ ಬಹಳ ಬೆಲೆಯಿಲ್ಲವೆಂದೂ ಇದರಿಂದ ಗ್ರಹಿಸಬಹುದು. ನೀಟ್ ಪತ್ರಿಕೆಯು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ದೊರೆಯುವುದು. ಆದರೂ ಅನುವಾದದಲ್ಲಿ ಸಂದೇಹ ಬಂದಾಗ ಇಂಗ್ಲಿಷ್ ಪಾಠವೇ ಪ್ರಮಾಣವಾದುದರಿಂದ, ಕನ್ನಡ ಮಾಧ್ಯಮದ ಹುಡುಗಿಯು ಪ್ರತಿಯೊಂದು ಪಾರಿಭಾಷಿಕ ಪದವನ್ನೂ ಎರಡು ಭಾಷೆಗಳಲ್ಲಿ ಬರೆದಿಟ್ಟುಕೊಂಡು ಕಲಿಯಲಿ.

ಪ್ರವೇಶ ಪರೀಕ್ಷೆಯೊಂದೇ ಎಲ್ಲವನ್ನೂ ನಿಶ್ಚಯಿಸುವುದೆಂಬ ಭ್ರಮೆಯನ್ನೂ ಬಿಡಬೇಕು. ಎಂಜಿನಿಯರಿಂಗ್ ಶ್ರೇಣಿಯನ್ನು ಕಟ್ಟುವಾಗ ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ, ಸಿ.ಇ.ಟಿ.ಗೆ ಅರ್ಧ ತೂಕ. ಪಿ.ಯು. ಪರೀಕ್ಷೆಯು ಕೊರೋನಾ ರೋಗದ ಕಾರಣದಿಂದ ನಿಂತುಹೋದ 2021ರಲ್ಲಿ ಮಾತ್ರ ಸಿ.ಇ.ಟಿ.ಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಒಬ್ಬಳು ಪಿ.ಯು.ನಲ್ಲಿ 300ಕ್ಕೆ 270 ಪಡೆದು, ಸಿ.ಇ.ಟಿ.ಯಲ್ಲಿ 180ಕ್ಕೆ 90 ಪಡೆದಳೆನ್ನೋಣ. ಅವಳ ಲೆಕ್ಕ 45ಕ್ಕೆ 25 ಕೂಡಿ 70. ಇನ್ನೊಬ್ಬಳು ಪಿ.ಯು.ನಲ್ಲಿ 240, ಸಿ.ಇ.ಟಿ.ಯಲ್ಲಿ 126 ಪಡೆದರೆ 40ಕ್ಕೆ 35 ಕೂಡಿ 75. ಎರಡನೆಯವಳು ಮುಂದಾದಳು. ಇದೇ ಲೆಕ್ಕವು ತಿರುಗುಮುರುಗಾಗಿಯೂ ನಡೆಯುವುದು. ತರಬೇತಿಯ ಗಡಿಬಿಡಿಯಲ್ಲಿ ಪಿ.ಯು. ಪಾಠವನ್ನು ಕಡೆಗಣಿಸಿದವಳು ಗಳಿಸಿದುದನ್ನು ಇತ್ತ ಕಳೆದುಕೊಳ್ಳುವಳು. ಎರಡು ಎತ್ತುಗಳೂ ಸಮವಾಗಿ ಎಳೆದರೆ ಮಾತ್ರ ಗಾಡಿ ಸಾಗುವುದು.

ಹಾಗಾದರೆ ಸಿದ್ಧತೆ ಹೇಗೆ? ಪಿ.ಯು. ವಿಜ್ಞಾನ ವಿಷಯಗಳಿಗೂ ನೀಟ್, ಜೆ.ಇ.ಇ.ಗಳಿಗೂ ಎನ್.ಸಿ.ಇ.ಆರ್.ಟಿ. ಪುಸ್ತಕಗಳೇ ತಳಹದಿ. ಆದುದರಿಂದ ಒಂದೇ ಪುಸ್ತಕವನ್ನು ಚೆನ್ನಾಗಿ ಓದಿದವಳು ಎಲ್ಲ ಪರೀಕ್ಷೆಗಳ ತಳಹದಿಯನ್ನೂ ಒಮ್ಮೆಗೇ ಹಾಕಿಕೊಂಡಂತಾಯಿತು. ಪ್ರಥಮ ಪಿ.ಯು.ಸಿ.ಯನ್ನು ವಿರಾಮದ ವರ್ಷವೆಂದು ಭಾವಿಸುವ ಕೆಟ್ಟ ಪದ್ಧತಿಯೊಂದು ನಮ್ಮಲ್ಲಿ ಉಂಟು. ಪ್ರವೇಶ ಪರೀಕ್ಷೆಯ ಪ್ರಶ್ನೆಗಳು ಎರಡು ವರ್ಷದ ಪಾಠಗಳಿಂದಲೂ ಬರುವುವು. ಮೊದಲನೆಯ ವರ್ಷವನ್ನು ಕಳೆದುಕೊಂಡವಳು ಎರಡನೆಯ ವರ್ಷದಲ್ಲಿ ಎರಡು ಹೊರೆ ಹೊರಬೇಕಾಗುವುದು. ಅಂದಿನ ಪಾಠವನ್ನು ಅಂದೇ ಓದಿ, ಪ್ರತಿ ಭಾನುವಾರ ಆ ವಾರದ ಅಧ್ಯಾಯಗಳಿಂದ ಇಪ್ಪತ್ತು ಪ್ರಶ್ನೆಗಳನ್ನು ಗಡಿಯಾರವಿಟ್ಟು ಬಿಡಿಸುವ ಅಭ್ಯಾಸವೊಂದು ಸಾಕು. ಹನಿಗೂಡಿದರೆ ಹಳ್ಳವೆಂಬುದು ಇಲ್ಲಿ ಅಕ್ಷರಶಃ ಸತ್ಯ.

ಎರಡನೆಯ ವರ್ಷದ ದಸರಾ ರಜೆಯ ಹೊತ್ತಿಗೆ ಮೊದಲನೆಯ ವರ್ಷದ ಪಾಠಗಳೆಲ್ಲ ಒಂದು ಸಲ ತಿರುವಿಹಾಕಿರಲಿ. ಜನವರಿಯಿಂದ ವಾರ್ಷಿಕ ಪರೀಕ್ಷೆಯವರೆಗೆ ಬರೆದು ಉತ್ತರಿಸುವ ಅಭ್ಯಾಸಕ್ಕೆ ಪ್ರಾಧಾನ್ಯವಿರಲಿ. 2025ರಲ್ಲಿ ಮೊದಲ ವಾರ್ಷಿಕ ಪರೀಕ್ಷೆಯು ಮಾರ್ಚ್ 20ಕ್ಕೆ ಮುಗಿದು, ಸಿ.ಇ.ಟಿ.ಯು ಏಪ್ರಿಲ್ 16, 17ರಂದೂ, ನೀಟ್ ಮೇ 4ರಂದೂ ನಡೆದುವು. ನಡುವೆ ನಾಲ್ಕು ವಾರವೂ ಇಲ್ಲ. ಈ ನಾಲ್ಕು ವಾರದಲ್ಲಿ ಹೊಸತನ್ನು ಕಲಿಯಲಾಗದು. ಕಲಿತುದನ್ನು ಬೇಗನೆ ನೆನಪಿಗೆ ತಂದುಕೊಳ್ಳುವ ಅಭ್ಯಾಸವನ್ನು ಮಾತ್ರ ಮಾಡಬಹುದು. ಹಿಂದಿನ ವರ್ಷಗಳ ಪತ್ರಿಕೆಗಳನ್ನು ಪೂರ್ತಿಯಾಗಿ, 80 ನಿಮಿಷ ಒಂದೇ ಆಸನದಲ್ಲಿ ಕುಳಿತು ಬಿಡಿಸಬೇಕು. ಕೈಗಡಿಯಾರವನ್ನು ಪರೀಕ್ಷಾ ಮಂದಿರದೊಳಕ್ಕೆ ಬಿಡುವುದಿಲ್ಲವಾದುದರಿಂದ ಮನೆಯಲ್ಲಿಯೂ ಅದನ್ನು ಕಳಚಿಟ್ಟು ಬರೆಯಲಿ. ಮೊದಲನೆಯ ಸುತ್ತಿನಲ್ಲಿ ತಿಳಿದುವನ್ನು ಮಾತ್ರ ಬಿಡಿಸಿ, ಕಷ್ಟವಾದುವುಗಳ ಮುಂದೆ ಗುರುತುಹಾಕಿ, ಎರಡನೆಯ ಸುತ್ತಿಗೆ ಉಳಿಸಿಕೊಳ್ಳಲಿ. ಒಂದು ಪ್ರಶ್ನೆಯನ್ನು ಬಿಟ್ಟಾಗ ಹಾಳೆಯಲ್ಲಿಯೂ ಆ ಸಾಲನ್ನು ಬಿಡಬೇಕೆಂಬುದನ್ನು ಮರೆತು, ಅಲ್ಲಿಂದ ಮುಂದಿನ ಉತ್ತರಗಳನ್ನೆಲ್ಲ ಒಂದೊಂದು ಸಾಲು ತಪ್ಪಿಸಿ ತುಂಬಿ ಅತ್ತವರನ್ನು ನಾನು ಕಂಡಿದ್ದೇನೆ.

ಪ್ರತಿ ಪತ್ರಿಕೆಯ ನಂತರ ಅಂಕಗಳನ್ನು ಎಣಿಸುವುದಕ್ಕಿಂತ ತಪ್ಪುಗಳನ್ನು ವಿಂಗಡಿಸುವುದು ಮುಖ್ಯ. ಒಂದು ನೋಟು ಪುಸ್ತಕದಲ್ಲಿ ಮೂರು ಕಲಮುಗಳನ್ನು ಎಳೆದು, ಪಾಠವೇ ತಿಳಿಯದೆ ಆದ ತಪ್ಪು, ಪ್ರಶ್ನೆಯನ್ನು ಸರಿಯಾಗಿ ಓದದೆ ಆದ ತಪ್ಪು, ಲೆಕ್ಕದ ಅವಸರದಿಂದ ಆದ ತಪ್ಪು ಎಂದು ಬರೆದಿಡಲಿ. ಮೊದಲನೆಯದಕ್ಕೆ ಪುಸ್ತಕವೂ ಉಪಾಧ್ಯಾಯರೂ ಬೇಕು. ಉಳಿದ ಎರಡಕ್ಕೆ ಎಷ್ಟು ಹಣ ಕೊಟ್ಟ ತರಬೇತಿಯೂ ಔಷಧವಲ್ಲ, ನಿಧಾನವೇ ಔಷಧ. ಪಠ್ಯಕ್ರಮದ ಪಟ್ಟಿಯನ್ನು ಆ ವರ್ಷದ ಪ್ರಕಟಣೆಯಿಂದಲೇ ನೋಡಿಕೊಳ್ಳಬೇಕು. 2024ರ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಭೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು. ಅಂಥ ಪ್ರಶ್ನೆ ಎದುರಾದಾಗ ಎದೆಗುಂದದೆ ಮುಂದಿನದಕ್ಕೆ ಹೋಗುವ ಸ್ಥೈರ್ಯವೂ ಸಿದ್ಧತೆಯ ಒಂದು ಭಾಗ.

ತರಬೇತಿಯ ಶಾಲೆಗಳು ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಕೆಲವರಿಗೆ ಅವು ಶಿಸ್ತನ್ನು ಕೊಡುವುವು. ಆದರೆ ಒಡವೆ ಅಡವಿಟ್ಟು ಸೇರಿಸಬೇಕಾದ ಅವಶ್ಯಕತೆಯಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯವರೂ ಕಾನ್ಪುರದ ಐ.ಐ.ಟಿ.ಯವರೂ 2023ರಲ್ಲಿ ಆರಂಭಿಸಿದ 'ಸಾಥೀ' ಎಂಬ ಪಾಠಮಾಲೆಯು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವುದು. ಫೋನೊಂದನ್ನು ದಿನಕ್ಕೆ ಒಂದು ಗಂಟೆ ಇದಕ್ಕಾಗಿ ಮಗಳ ಕೈಗೆ ಕೊಟ್ಟರೆ ಆಗುವುದು. ಅದಕ್ಕಿಂತ ದೊಡ್ಡ ಸಹಾಯವೊಂದು ತಾಯಂದಿರ ಕೈಯಲ್ಲಿದೆ. ಗಂಡುಮಗುವು ಓದಲು ಕುಳಿತರೆ ಮನೆಯೆಲ್ಲ ಮೌನ. ಹೆಣ್ಣುಮಗಳು ಕುಳಿತರೆ ಪಾತ್ರೆ, ನೀರು, ತಮ್ಮನ ಊಟ ಎಂದು ಹತ್ತು ಕರೆ. ಮುಂಜಾನೆ ಎರಡು ಗಂಟೆ, ಸಂಜೆ ಎರಡು ಗಂಟೆ ಅವಳನ್ನು ಯಾರೂ ಕರೆಯಕೂಡದೆಂಬ ನಿಯಮವನ್ನು ಮನೆಯಲ್ಲಿ ಮಾಡಿರಿ. ರಾತ್ರಿ ಏಳು ಗಂಟೆ ನಿದ್ರೆಯನ್ನೂ ಬಿಡಿಸಬೇಡಿರಿ.

ಈಗ ಮನೆಯವರು ಮಾಡಬೇಕಾದ ಉಳಿದ ಸಿದ್ಧತೆಯನ್ನು ಹೇಳುವೆನು. ಮೊದಲನೆಯದು ಕಾಗದಪತ್ರಗಳು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದು, ಅದರ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಸಿ.ಇ.ಟಿ. ಅರ್ಜಿಯಲ್ಲಿ ಅದನ್ನು ಕೇಳುವರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರೂ ಇತರ ಪತ್ರಗಳಲ್ಲಿರುವ ಹೆಸರೂ ಒಂದೇ ಆಗಿವೆಯೇ ಎಂದು ನೋಡಬೇಕು. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5, ಗ್ರಾಮಾಂತರ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ನೂರಕ್ಕೆ 15ರಂತೆ ಸ್ಥಾನಗಳ ಮೀಸಲಿದೆ. ಇದಕ್ಕೆ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ವಾಸದ ಮನೆಯಲ್ಲ, ಓದಿದ ಶಾಲೆಯ ಸ್ಥಳವೇ ಇಲ್ಲಿ ಲೆಕ್ಕ. ಹಳ್ಳಿಯಿಂದ ಹೆಬ್ಬಾಳಕ್ಕೆ ಕೆಲಸಕ್ಕಾಗಿ ಬಂದ ಕುಟುಂಬಗಳ ಮಕ್ಕಳು ಎರಡು ಮೂರು ಶಾಲೆಗಳಲ್ಲಿ ಓದಿರುವುದರಿಂದ ಒಂದೊಂದು ಶಾಲೆಗೂ ಹೋಗಿ ಪತ್ರ ತರಬೇಕಾಗುವುದು. ಇದನ್ನು ಮೇ ತಿಂಗಳಿನ ಬಿಸಿಲಿನಲ್ಲಿ, ಶಾಲೆಗಳು ಮುಚ್ಚಿರುವಾಗ ಹುಡುಕುವುದಕ್ಕಿಂತ, ಹಿಂದಿನ ವರ್ಷದ ದಸರೆಯಲ್ಲಿಯೇ ಮುಗಿಸಿಕೊಳ್ಳುವುದು ಮೇಲು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಕೂಡದು.

ಎರಡನೆಯದು ಕಾಲೇಜುಗಳ ಆಯ್ಕೆಯ ಪಟ್ಟಿ. ಶ್ರೇಣಿ ಬಂದ ಮೇಲೆ ಬೇಕಾದ ಕಾಲೇಜುಗಳನ್ನೂ ವಿಷಯಗಳನ್ನೂ ಕ್ರಮವಾಗಿ ದಾಖಲಿಸಬೇಕು. ಗಣಕಯಂತ್ರವು ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಆಕೆಯ ಶ್ರೇಣಿಗೆ ದೊರೆಯುವ ಮೊದಲನೆಯದನ್ನು ಹಂಚುವುದು. ಆದಕಾರಣ, ಸಿಕ್ಕಲಾರದೆಂಬ ಅಂಜಿಕೆಯಿಂದ ಪ್ರಿಯವಾದುದನ್ನು ಕೆಳಗೆ ಬರೆಯುವುದು ಶುದ್ಧ ನಷ್ಟ. ಮೇಲೆ ಬರೆದುದರಿಂದ ಏನೂ ಕೆಡುವುದಿಲ್ಲ. ಹಾಗೆಯೇ, ಸಿಕ್ಕಿದರೂ ಸೇರಲಾರದ ಕಾಲೇಜನ್ನು ಬರೆಯಲೇ ಕೂಡದು. ಮೊದಲು ಒಂದು ಅಣಕು ಹಂಚಿಕೆಯನ್ನು ಪ್ರಕಟಿಸುವರು; ಅದನ್ನು ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಲು ಅವಕಾಶವಿರುವುದು. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳುಂಟು: ಒಪ್ಪಿ ಸೇರುವುದು, ಒಪ್ಪಿ, ಆದರೂ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು, ಒಪ್ಪದೆ ಮುಂದಿನ ಸುತ್ತಿಗೆ ಹೋಗುವುದು, ಎಲ್ಲವನ್ನೂ ಬಿಟ್ಟು ಹೊರಬರುವುದು. ಎರಡನೆಯ ದಾರಿ ಹಿಡಿದವಳಿಗೆ ಮೇಲಿನದು ದೊರೆತರೆ ಹಿಂದಿನದು ತಾನಾಗಿ ರದ್ದಾಗುವುದು. ಮೂರನೆಯದನ್ನು ಆರಿಸಿದವಳು ಕೈಯಲ್ಲಿದ್ದುದನ್ನು ಬಿಟ್ಟಂತೆಯೇ. ಗುಂಡಿಯನ್ನು ಒತ್ತುವ ಮುನ್ನ ಮನೆಯವರೆಲ್ಲರೂ ಕುಳಿತು ಇದನ್ನು ಓದಿ ತಿಳಿದುಕೊಳ್ಳಬೇಕು. ಬೀದಿಯ ಅಂಗಡಿಯವನ ಕೈಗೆ ಬಿಟ್ಟುಬಿಡಬಾರದು.

ಮೂರನೆಯದು ಹೊಸ್ತಿಲು. ಇದನ್ನು ಬರೆಯುವುದಕ್ಕೆ ನನಗೆ ಸಂಕೋಚವಾಗುವುದು, ಏತಕ್ಕೆಂದರೆ ಇದರಲ್ಲಿ ನನ್ನ ತಪ್ಪೂ ಸೇರಿದೆ. ಕೆಲವು ವರ್ಷಗಳ ಕೆಳಗೆ ನಮ್ಮ ಬೀದಿಯ ಹುಡುಗಿಯೊಬ್ಬಳು, ಇದೇ ಜಗಲಿಯ ಮೇಲೆ ಕುಳಿತು ಲೆಕ್ಕ ಬಿಡಿಸಿದವಳು, ಯಾವ ತರಬೇತಿಯೂ ಇಲ್ಲದೆ ಒಳ್ಳೆಯ ಶ್ರೇಣಿ ಪಡೆದಳು. ದೂರದ ಊರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅವರ ಕೈಗೆಟುಕುವ ಶುಲ್ಕದಲ್ಲಿ ಸ್ಥಾನ ಬಂದಿತು. ಆದರೆ ಅಲ್ಲಿ ವಿದ್ಯಾರ್ಥಿನಿಲಯದಲ್ಲಿ ಇರಬೇಕಾಗಿತ್ತು. ಅವಳ ತಂದೆ ಒಂದು ಸಂಜೆ ಬಂದು, "ಹೆಣ್ಣುಮಗುವನ್ನು ಅಷ್ಟು ದೂರ ಕಳುಹಿಸುವುದು ಸರಿಯೇ, ನೀವೇ ಹೇಳಿ" ಎಂದು ಕೇಳಿದರು. ಮನೆಯ ವಿಷಯ, ನಾನು ಹೇಗೆ ಹೇಳಲಿ ಎಂದು ನಾನು ಸುಮ್ಮನಾದೆ. ನನ್ನ ಮೌನವನ್ನು ಅವರು ಬೇಡವೆಂಬ ಉತ್ತರವೆಂದು ತಿಳಿದರು. ಹುಡುಗಿಯು ಒಂದು ವರ್ಷ ಮನೆಯಲ್ಲಿದ್ದು, ಮರುವರ್ಷ ಬೇರೆ ಪದವಿಗೆ ಸೇರಿದಳು. ಈಗ ಕೆಲಸದಲ್ಲಿದ್ದಾಳೆ, ಸುಖವಾಗಿದ್ದಾಳೆ. ಆದರೆ ಈಚೆಗೆ ಒಮ್ಮೆ ಮಾತನಾಡುತ್ತ, "ಸಿ.ಇ.ಟಿ. ಪಾಸುಮಾಡಿದೆ ಟೀಚರಮ್ಮಾ, ಮನೆಯ ಪರೀಕ್ಷೆ ಪಾಸಾಗಲಿಲ್ಲ" ಎಂದು ನಕ್ಕಳು. ಆ ನಗುವನ್ನು ನಾನು ಮರೆಯಲಾರೆ.

ಆದುದರಿಂದ ತಂದೆಗಳಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಮಗಳು ಎಷ್ಟು ದೂರ ಹೋಗಬಹುದು, ಎಷ್ಟು ಖರ್ಚುಮಾಡಬಹುದು ಎಂಬುದನ್ನು ಫಲಿತಾಂಶಕ್ಕೆ ಮುಂಚೆಯೇ, ಆಕೆಯನ್ನು ಎದುರಿಗೆ ಕೂರಿಸಿಕೊಂಡು ನಿಶ್ಚಯಿಸಿರಿ. ವಿದ್ಯಾರ್ಥಿನಿಲಯವನ್ನು ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿರಿ. ಕಳುಹಿಸಲಾಗದಿದ್ದರೆ ಆ ಮಾತನ್ನು ಮೊದಲೇ ಹೇಳಿರಿ. ಊರಿನಲ್ಲಿಯೇ ದೊರೆಯುವುದನ್ನು ಗುರಿಯಾಗಿಟ್ಟುಕೊಂಡು ಓದುವಳು. ಮೈಸೂರಿನಲ್ಲಿಯೇ ಹಳೆಯ ಕಾಲೇಜುಗಳಿವೆ. ಹೆಬ್ಬಾಳಕ್ಕೆ ಸಮೀಪವಾದ ಮೇಟಗಳ್ಳಿಯಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇರುವ ಎಂಜಿನಿಯರಿಂಗ್ ಕಾಲೇಜೂ ಉಂಟು. ಎರಡು ವರ್ಷ ಓದಿಸಿ, ಬಾಗಿಲು ತೆರೆದ ದಿನ ಹೊಸ್ತಿಲಲ್ಲಿ ತಡೆಯುವುದು ಮಾತ್ರ ನ್ಯಾಯವಲ್ಲ.

ಶ್ರೇಣಿ ಬಾರದೆಹೋದರೆ ಏನು ಗತಿಯೆಂದು ಕೇಳುವಿರಿ. 2024ರಿಂದ ದ್ವಿತೀಯ ಪಿ.ಯು.ಸಿ.ಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚಿನ ಅಂಕವೇ ನಿಲ್ಲುವುದು. ಸಿ.ಇ.ಟಿ.ಯನ್ನೂ ನೀಟನ್ನೂ ಮರುವರ್ಷ ಬರೆಯಬಹುದು. ಬೇರೆ ದಾರಿಗಳನ್ನು ಮೇಲೆಯೇ ಹೇಳಿದ್ದೇನೆ. 80 ನಿಮಿಷದ ಪತ್ರಿಕೆಯು ಹುಡುಗಿಯು ಆ ದಿನ ಎಷ್ಟು ಪ್ರಶ್ನೆಗಳಿಗೆ ಸರಿಯಾಗಿ ಗುರುತುಮಾಡಿದಳೆಂಬುದನ್ನು ಅಳೆಯುವುದೇ ಹೊರತು ಆಕೆಯ ಬೆಲೆಯನ್ನು ಅಳೆಯುವುದಿಲ್ಲ. ಫಲಿತಾಂಶದ ದಿನ ಆಕೆಯ ಮುಖ ನೋಡಿ ಮೊದಲು ಊಟಕ್ಕೆ ಕರೆಯಿರಿ. ಅಂಕಗಳ ಮಾತು ಆಮೇಲೆ ಆಗಲಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ವೈದ್ಯೆಯರಿದ್ದೀರಿ, ಎಂಜಿನಿಯರುಗಳಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ. ಇದೇ ಹೆಬ್ಬಾಳದ ದೊಡ್ಡ ಕಚೇರಿಗಳಿಗೆ ದಿನವೂ ಬಂದುಹೋಗುವವರೂ ಇದ್ದೀರಿ. ವಾರಕ್ಕೊಂದು ಸಂಜೆ ಒಂದು ಗಂಟೆಯ ಕಾಲ ಬಂದು ಒಂದು ಹುಡುಗಿಯ ತಪ್ಪಿನ ಪುಸ್ತಕವನ್ನು ನೋಡಿಕೊಡಿರಿ. ಜೂನ್ ತಿಂಗಳಿನಲ್ಲಿ ಒಂದು ಕುಟುಂಬದ ಜೊತೆಗೆ ಕುಳಿತು ಆಯ್ಕೆಯ ಪಟ್ಟಿಯನ್ನು ತುಂಬಿಸಿರಿ. ಯಾವ ತಂದೆಯಾದರೂ ಸಂದೇಹದಿಂದ ಕೇಳಿದರೆ, ನಾನು ಮಾಡಿದಂತೆ ಸುಮ್ಮನಿರದೆ, "ಕಳುಹಿಸಿರಿ, ನಾವೂ ಹೋಗಿ ಬಂದವರೇ" ಎಂದು ಹೇಳಿರಿ. ನಮ್ಮ ಜಗಲಿ ತೆರೆದಿದೆ.